ಪಡುವಣ ಗೋಡೆಯ ಲೆಕ್ಕ

ಬಾಡಿಗೆ ಮನೆಗೆ ಕೊಟ್ಟ ಡೆಪಾಸಿಟ್ ನಮ್ಮ ದುಡ್ಡು. ಮನೆ ಬಿಡುವವರೆಗೆ ಓನರ್ ಕೈಯಲ್ಲಿ ಇರುತ್ತದೆ, ಅಷ್ಟೇ. ಈ ಮಾತಿಗೆ ಇಲ್ಲ ಎನ್ನುವವರು ಯಾರೂ ಇಲ್ಲ. ಆದರೆ ಕೀ ಕೊಟ್ಟ ಮೇಲೆ ಅದನ್ನು ವಾಪಸ್ ಕೇಳಿ ನೋಡಿ, ನಾವೇ ಅವರ ಹತ್ತಿರ ಸಾಲಕ್ಕೆ ಹೋದ ಹಾಗಾಗುತ್ತದೆ. ದನಿ ತಗ್ಗುತ್ತದೆ. "ನಿಮಗೆ ಅನುಕೂಲ ಆದಾಗ ಹಾಕಿ ಸಾರ್" ಅಂತ ಬಾಯಿಗೆ ಬರುತ್ತದೆ. ಅವರು ಏನೋ ಒಂದಷ್ಟು ಕಳೆದು ಉಳಿದದ್ದು ಕೊಟ್ಟರೆ, ಇಷ್ಟಾದರೂ ಬಂತಲ್ಲ ಅಂತ ಸುಮ್ಮನಾಗುತ್ತೇವೆ. ಹೀಗೆ ಸುಮ್ಮನಾದವರು ನನ್ನ ಪರಿಚಯದಲ್ಲೇ ಎಷ್ಟೋ ಜನ ಇದ್ದಾರೆ. ನಾನು ಸುಮ್ಮನಾಗಲಿಲ್ಲ. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು ಅನಿಸಿದೆ. ಯಾಕೆಂದರೆ ನಮ್ಮ ಕರಾವಳಿಯಲ್ಲಿ ಈ ಜಗಳಕ್ಕೆ ಒಳನಾಡಿನ ಊರುಗಳಲ್ಲಿ ಅಷ್ಟಾಗಿ ಇಲ್ಲದ ಒಂದು ಕಾರಣ ಇದೆ. ಅದು ಮಳೆ.

ಮನೆ ಇದ್ದದ್ದು ಮಂಗಳೂರಿನ ಬಿಜೈಯಲ್ಲಿ. ಕೆಳಗೆ ಓನರ್, ಮೇಲೆ ನಾವು. ಓನರ್ ನಿವೃತ್ತ ಹೈಸ್ಕೂಲ್ ಮಾಷ್ಟ್ರು. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಟಿ ತಿಂಗಳಲ್ಲಿ ಅವರ ಹೆಂಡತಿ ಪತ್ರೊಡೆ ಮಾಡಿದರೆ ಮೊದಲ ಪಾಲು ನಮ್ಮ ಮಗನಿಗೆ ಬರುತ್ತಿತ್ತು. ಅವನಿಗೆ ಜ್ವರ ಬಂದ ರಾತ್ರಿ ಮಾಷ್ಟ್ರೇ ಕಾರು ತೆಗೆದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ನಾಲ್ಕು ವರ್ಷ ಅಲ್ಲಿದ್ದೆವು. ಬಾಡಿಗೆ 12,000 ರೂಪಾಯಿಯಿಂದ ಶುರುವಾಗಿ, 11 ತಿಂಗಳಿಗೊಮ್ಮೆ ಅಗ್ರಿಮೆಂಟ್ ಹೊಸದು ಮಾಡುವಾಗ ಶೇಕಡಾ 5ರಂತೆ ಏರಿ, ಕೊನೆಗೆ 14,500 ದಾಟಿತ್ತು. ನಾವು ಕೊಟ್ಟ ಬಾಡಿಗೆ ಎಲ್ಲ ಸೇರಿ ಆರು ಲಕ್ಷಕ್ಕೂ ಹೆಚ್ಚು. ಡೆಪಾಸಿಟ್ 60,000.

ನಮ್ಮವರಿಗೆ ಉಡುಪಿಗೆ ವರ್ಗವಾಯಿತು. ಎರಡು ತಿಂಗಳು ಮೊದಲೇ ಹೇಳಿದೆವು. ಮನೆ ಖಾಲಿ ಮಾಡಿ, ಗುಡಿಸಿ ಒರೆಸಿ, ಬಾತ್‌ರೂಮ್ ತಿಕ್ಕಿ ತೊಳೆದು ಕೀ ಕೊಟ್ಟೆವು. ಆಮೇಲೆ ಕೆಲವು ವಾರ ಏನೂ ಸುದ್ದಿ ಇರಲಿಲ್ಲ. ಒಂದು ದಿನ ಖಾತೆಗೆ 22,000 ಬಂತು. ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್: ಪೇಂಟಿಂಗ್ 22,000, ಕ್ಲೀನಿಂಗ್ 4,500, ಕಪಾಟಿನ ಬಾಗಿಲು 6,000, ಗೀಸರ್ 2,800, ಸೊಳ್ಳೆ ಬಲೆ 1,500, ನೀರಿನ ಬಿಲ್ 1,200. ಒಟ್ಟು 38,000 ಕಳೆದಿದೆ. ಕೊನೆಯಲ್ಲಿ ಕೈ ಮುಗಿದ ಚಿತ್ರ.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸಂಕೋಚ. ಅಷ್ಟು ಪ್ರೀತಿಯಿಂದ ನೋಡಿಕೊಂಡವರ ಹತ್ತಿರ ದುಡ್ಡಿನ ಮಾತು ಆಡುವುದಾ? ನಮ್ಮವರೂ ಅದನ್ನೇ ಹೇಳಿದರು. "ಬಿಟ್ಟುಬಿಡುವ ಮಾರಾಯ್ತಿ. ದೊಡ್ಡವರು. ನಾಳೆ ಮುಖ ನೋಡ್ಲಿಕ್ಕುಂಟಲ್ಲ." ನಾನು ಎರಡು ದಿನ ಯೋಚನೆ ಮಾಡಿದೆ. 38,000 ಅಂದರೆ ನಮ್ಮ ಮನೆಯ ಮಟ್ಟಿಗೆ ಸಣ್ಣ ಮೊತ್ತ ಅಲ್ಲ. ಮಗನ ವರ್ಷದ ಶಾಲೆಯ ಫೀಸು ಅದರೊಳಗೆ ಮುಗಿಯುತ್ತದೆ. ಪತ್ರೊಡೆ, ಆ ರಾತ್ರಿಯ ಕಾರು, ಇವಕ್ಕೆ ನಾನು ಯಾವತ್ತೂ ಋಣಿ. ಆದರೆ ಆ ಋಣವನ್ನು ಪೇಂಟಿಂಗ್ ಬಿಲ್‌ನಲ್ಲಿ ತೀರಿಸುವುದು ಹೇಗೆ? ಎರಡೂ ಬೇರೆ ಬೇರೆ ವಿಷಯ. ಹಾಗೆ ನೋಡಿದರೆ, ನಮ್ಮ 60,000 ನಾಲ್ಕು ವರ್ಷ ಬಡ್ಡಿ ಇಲ್ಲದೆ ಅವರ ಹತ್ತಿರ ಇತ್ತು. ಬ್ಯಾಂಕಿನಲ್ಲಿ ಶೇಕಡಾ 6ಕ್ಕೆ ಇಟ್ಟಿದ್ದರೂ ವರ್ಷಕ್ಕೆ 3,600 ಬರುತ್ತಿತ್ತು. ಅದನ್ನು ನಾವು ಕೇಳಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಅಸಲಿನ ಲೆಕ್ಕವನ್ನಾದರೂ ಕೇಳಬಾರದಾ?

ದೊಡ್ಡ ಮೊತ್ತ ಪೇಂಟಿಂಗ್‌ನದು. ಅದರ ವಿಷಯವೇ ಎಲ್ಲಕ್ಕಿಂತ ಮುಖ್ಯ.

ಆ ಮನೆಯಲ್ಲಿ ಹಾಳಾದದ್ದು ಪಡುವಣ ಗೋಡೆ. ಬೆಡ್‌ರೂಮಿನದು ಪೂರ್ತಿ, ಅಡುಗೆಮನೆಯದು ಅರ್ಧ. ಕರಾವಳಿಯ ಮಳೆ ನೆಟ್ಟಗೆ ಮೇಲಿಂದ ಬೀಳುವುದಿಲ್ಲ. ಸಮುದ್ರದ ಕಡೆಯ ಗಾಳಿ ಅದನ್ನು ಓರೆಯಾಗಿ ತಂದು ಗೋಡೆಗೆ ಹೊಡೆಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮ ಹಿಂದಿನವರು ಇದನ್ನು ತಿಳಿದೇ ಮನೆ ಕಟ್ಟುತ್ತಿದ್ದರು. ಮಾಡು, ಅಂದರೆ ಸೂರು, ಗೋಡೆಯನ್ನು ದಾಟಿ ಉದ್ದಕ್ಕೆ ಹೊರಗೆ ಬರುತ್ತಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮುಳಿಹುಲ್ಲಿನ ಜಾಗಕ್ಕೆ ಹಂಚು ಬಂತು, ಆದರೆ ಇಳಿಜಾರು ಹಾಗೆಯೇ ಉಳಿಯಿತು. ನನ್ನ ಅಜ್ಜಿಮನೆಯಲ್ಲಿ ಮಳೆಗಾಲಕ್ಕೆ ಮೊದಲು ಪಡು ದಿಕ್ಕಿಗೆ ಹೆಣೆದ ತೆಂಗಿನ ಮಡಲು ಕಟ್ಟುವುದು ಒಂದು ದೊಡ್ಡ ಕೆಲಸ. ಆ ಕೆಲಸ ಮುಗಿಯದೆ ಪತ್ತನಾಜೆ, ಅಂದರೆ ಮಳೆಗಾಲಕ್ಕೆ ಮೊದಲು ಬರುವ ತುಳುವರ ಗಡುವಿನ ದಿನ, ಕಳೆದರೆ ಅಜ್ಜಿಗೆ ಸಮಾಧಾನ ಇರುತ್ತಿರಲಿಲ್ಲ. ಕೆಂಪುಕಲ್ಲಿನ ಗೋಡೆಗೆ ನೀರು ತಾಗದ ಹಾಗೆ ನೋಡಿಕೊಳ್ಳುವುದು ಮನೆಯವರ ಕೆಲಸ ಅಂತ ಎಲ್ಲರಿಗೂ ಗೊತ್ತಿತ್ತು.

ಆರ್‌ಸಿಸಿ (ಕಾಂಕ್ರೀಟ್) ತಾರಸಿ ಬಂದ ಮೇಲೆ ಆ ಇಳಿಜಾರೂ ಹೋಯಿತು, ಹೊರಗೆ ಚಾಚಿದ ಮಾಡೂ ಹೋಯಿತು. ಈಗ ಮಂಗಳೂರಿನಲ್ಲಿ ಯಾವುದಾದರೂ ಎತ್ತರದ ಕಟ್ಟಡದಿಂದ ನೋಡಿದರೆ ತಾರಸಿಗಳ ಮೇಲೆ ಮತ್ತೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹಾಕಿರುವುದು ಕಾಣುತ್ತದೆ. ಅದು ಚಂದಕ್ಕೆ ಹಾಕಿದ್ದಲ್ಲ. ಹಾಕದೆ ಬೇರೆ ದಾರಿ ಇಲ್ಲ. ನಾವಿದ್ದ ಮನೆಯ ತಾರಸಿಗೆ ಶೀಟ್ ಇರಲಿಲ್ಲ. ಪಡುವಣ ಕಿಟಕಿಯ ಮೇಲಿನ ಸಜ್ಜಾ ಒಂದು ಕಡೆ ಬಿರುಕು ಬಿಟ್ಟಿತ್ತು. ಎರಡನೇ ಮಳೆಗಾಲದಲ್ಲೇ ಕಿಟಕಿಯ ಬಲ ಮೂಲೆಯಲ್ಲಿ ಪೇಂಟ್ ಉಬ್ಬಿತು. ಫೋಟೋ ತೆಗೆದು ಮಾಷ್ಟ್ರಿಗೆ ಕಳುಹಿಸಿದೆ. ಅವರು ಮೇಲೆ ಬಂದು ನೋಡಿದರು. "ಮಳೆ ಬಿಡ್ಲಿ, ಜನವರಿಯಲ್ಲಿ ಮಾಡಿಸುವ" ಎಂದರು. ಜನವರಿ ಬಂತು, ಹೋಯಿತು. ಮುಂದಿನ ಮಳೆಗಾಲಕ್ಕೆ ಉಬ್ಬಿದ್ದೆಲ್ಲ ಸಿಪ್ಪೆಯಾಗಿ ಎದ್ದು ಬಂತು. ಅದರ ಹಿಂದೆ ಬಿಳಿ ಪುಡಿ. ನೀರು ಗಾರೆಯೊಳಗಿನ ಉಪ್ಪನ್ನು ಕರಗಿಸಿ ಹೊರಗೆ ತರುತ್ತದೆ. ನೀರು ಆರಿದ ಮೇಲೆ ಉಪ್ಪು ಪೇಂಟಿನ ಅಡಿಯಲ್ಲಿ ಕೂತು ಅದನ್ನು ಮೇಲಕ್ಕೆ ದೂಡುತ್ತದೆ. ಒಳಗಿನಿಂದ ಎಷ್ಟು ಪೇಂಟ್ ಹೊಡೆದರೂ ಹೊರಗಿನ ಬಿರುಕು ಮುಚ್ಚದೆ ಅದು ನಿಲ್ಲುವುದಿಲ್ಲ.

ಮಾಷ್ಟ್ರ ವಾದ ಬೇರೆ ಇತ್ತು. ಫೋನಿನಲ್ಲಿ ಕೇಳಿದಾಗ, "ನೀವು ಮಳೆಗಾಲದಲ್ಲಿ ಬಟ್ಟೆ ಒಳಗೆ ಒಣಗಿಸ್ತಿದ್ರಲ್ಲ, ಹಾಗೆ ಬೂಷ್ಟು ಹಿಡಿದದ್ದು" ಎಂದರು. ಈ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಬಟ್ಟೆ ಒಳಗೆ ಫ್ಯಾನಿನ ಅಡಿಯಲ್ಲಿ ಒಣಗಿಸದ ಮನೆ ಇಲ್ಲ. ಗಾಳಿ ಆಡದಿದ್ದರೆ ಬೂಷ್ಟು ಬರುವುದೂ ನಿಜ. ಆದರೆ ಒಳಗಿನ ತೇವಕ್ಕೆ ಬರುವ ಬೂಷ್ಟು ಬೇರೆ, ಹೊರಗಿನಿಂದ ನೀರು ಇಳಿದ ಗೋಡೆ ಬೇರೆ. ಬೂಷ್ಟು ಚುಕ್ಕೆ ಚುಕ್ಕೆಯಾಗಿ ಮೂಲೆಗಳಲ್ಲಿ, ಕಪಾಟಿನ ಹಿಂದೆ, ಕಪ್ಪಾಗಿ ಕೂರುತ್ತದೆ. ಬಟ್ಟೆ ಹಾಕಿ ಒರೆಸಿದರೆ ಹೋಗುತ್ತದೆ. ನೀರು ಇಳಿದದ್ದಾದರೆ ಹಳದಿ ಅಂಚಿನ ಕಲೆ, ಉಬ್ಬು, ಉಪ್ಪಿನ ಪುಡಿ. ಇನ್ನೊಂದು ವಿಷಯ. ನಾವು ಬಟ್ಟೆ ಒಣಗಿಸುತ್ತಿದ್ದದ್ದು ಮೂಡು ಬದಿಯ ಹಾಲ್‌ನಲ್ಲಿ. ಆ ಹಾಲ್‌ನ ಗೋಡೆಗಳು ನಾವು ಬಿಡುವಾಗಲೂ ಚೆನ್ನಾಗಿಯೇ ಇದ್ದವು. ಬಟ್ಟೆ ಕಾರಣವಾಗಿದ್ದರೆ ಮೊದಲು ಹಾಳಾಗಬೇಕಾದದ್ದು ಆ ಗೋಡೆ ಅಲ್ವಾ?

ಇಷ್ಟು ನನಗೆ ಕಣ್ಣಿಗೆ ಕಂಡ ವಿಷಯ. ಕಾನೂನು ಏನು ಹೇಳುತ್ತದೆ ಅಂತ ಆಮೇಲೆ ಓದಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಅದರ 108ನೇ ಸೆಕ್ಷನ್‌ನಲ್ಲಿ ಬಾಡಿಗೆದಾರ ಏನೇನು ಮಾಡಬೇಕು ಅಂತ ಬರೆದಿದೆ. ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಆದರೆ ಎರಡು ಕಾರಣಕ್ಕೆ ಆದ ಬದಲಾವಣೆಗೆ ಅವನು ಹೊಣೆಯಲ್ಲ. ಒಂದು, ಬಳಸಿದಾಗ ಸಹಜವಾಗಿ ಆಗುವ ಸವೆತ. ಎರಡು, ಯಾರೂ ತಡೆಯಲಾಗದ ಬಲದಿಂದ ಆದದ್ದು. ನೂರನಲವತ್ತು ವರ್ಷ ದಾಟಿದ ಆ ವಾಕ್ಯವನ್ನು ಓದಿ ನನಗೆ ಧೈರ್ಯ ಬಂತು. ಬಾಡಿಗೆ ಕೊಡುವುದು ಯಾತಕ್ಕೆ? ಮನೆಯನ್ನು ಬಳಸಲು. ಬಳಸಿದರೆ ಮನೆ ಹಳತಾಗುತ್ತದೆ. ಆ ಹಳತಾಗುವಿಕೆಯ ದುಡ್ಡು ಬಾಡಿಗೆಯಲ್ಲೇ ಸೇರಿದೆ, ತಿಂಗಳು ತಿಂಗಳು ಕೊಟ್ಟಾಗಿದೆ. ಡೆಪಾಸಿಟ್ ಇರುವುದು ನಾವು ಹಾಳು ಮಾಡಿದ್ದಕ್ಕೆ, ಬಾಕಿ ಇಟ್ಟದ್ದಕ್ಕೆ. ಹಳತಾದ ಗೋಡೆಗೆ ಡೆಪಾಸಿಟ್‌ನಿಂದಲೂ ಕಳೆದರೆ ಒಂದೇ ಸವೆತಕ್ಕೆ ಎರಡು ಸಲ ದುಡ್ಡು ತೆಗೆದುಕೊಂಡ ಹಾಗಾಯಿತು. ನಾನು ಇಲ್ಲಿ ಹೇಳಬೇಕೆಂದು ಹೊರಟದ್ದು ಮುಖ್ಯವಾಗಿ ಇದನ್ನೇ.

ಆದರೆ ಇದರಲ್ಲೊಂದು ತಿರುವು ಇದೆ, ಓದುವವರು ಗಮನಿಸಬೇಕು. ಆ 108ನೇ ಸೆಕ್ಷನ್ ಅನ್ವಯ ಆಗುವುದು ಅಗ್ರಿಮೆಂಟ್‌ನಲ್ಲಿ ಬೇರೆ ಏನೂ ಬರೆಯದೆ ಇದ್ದಾಗ. "ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಳೆಯಲಾಗುವುದು" ಅಂತ ಅಗ್ರಿಮೆಂಟ್‌ನಲ್ಲಿದ್ದು, ನಾವು ಅದಕ್ಕೆ ಸಹಿ ಹಾಕಿದ್ದರೆ, ಆಮೇಲೆ 1882ನೇ ಇಸವಿಯನ್ನು ತೋರಿಸಿ ಪ್ರಯೋಜನ ಇಲ್ಲ. ಈಗ ಹೆಚ್ಚಿನ ಅಗ್ರಿಮೆಂಟ್‌ಗಳಲ್ಲಿ ಆ ವಾಕ್ಯ ಇರುತ್ತದೆ. ಟೈಪ್ ಮಾಡುವವರ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಸಿದ್ಧವಾಗಿರುತ್ತದೆ, ಹೆಸರು ಮತ್ತು ಮೊತ್ತ ಬದಲಿಸಿ ಕೊಡುತ್ತಾರೆ. ನಮ್ಮದರಲ್ಲಿ ಇದ್ದದ್ದು, "ಬಾಡಿಗೆದಾರರಿಂದ ಹಾನಿ ಆದಲ್ಲಿ ಅದರ ಖರ್ಚನ್ನು ಡೆಪಾಸಿಟ್‌ನಿಂದ ಕಳೆಯುವುದು" ಎಂದು ಮಾತ್ರ. ಬಾಡಿಗೆದಾರರಿಂದ. ಮಳೆಯಿಂದ ಅಂತ ಇರಲಿಲ್ಲ.

ಈ 11 ತಿಂಗಳ ಕಥೆಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಎಲ್ಲರೂ 11 ತಿಂಗಳು ಬರೆಸುತ್ತಾರೆ. ಹಾಗೆ ಬರೆಸಿದ್ದರಿಂದ ಡೆಪಾಸಿಟ್ ಮೇಲಿನ ನಮ್ಮ ಹಕ್ಕು ಕಡಿಮೆ ಆಗುವುದಿಲ್ಲ.

ಬಾಡಿಗೆಗೆ ಅಂತಲೇ ಇರುವ ಕರ್ನಾಟಕ ಬಾಡಿಗೆ ಕಾಯ್ದೆ, 1999, ನಮಗೆ ಸಹಾಯಕ್ಕೆ ಬರುವುದಿಲ್ಲ. ಅದು ದೊಡ್ಡ ನಗರಗಳಲ್ಲೂ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇರುವ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಮಂಗಳೂರಲ್ಲಾಗಲಿ ಉಡುಪಿಯಲ್ಲಾಗಲಿ ಆ ಬಾಡಿಗೆಗೆ ಒಂದು ಕೋಣೆ ಸಿಕ್ಕರೆ ದೊಡ್ಡದು. ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿ ರಾಜ್ಯಗಳಿಗೆ ಕಳುಹಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ತೆಗೆದುಕೊಳ್ಳಬಾರದು, ಮನೆಯನ್ನು ವಾಪಸ್ ಪಡೆಯುವಾಗಲೇ ಕಳೆಯಬೇಕಾದದ್ದು ಕಳೆದು ಉಳಿದದ್ದು ಕೊಡಬೇಕು ಅಂತ ಅದರಲ್ಲಿದೆ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಆದರೂ ಅದರ ಕೊನೆಯಲ್ಲಿರುವ ಒಂದು ಪಟ್ಟಿ ನನಗೆ ತುಂಬ ಉಪಯೋಗಕ್ಕೆ ಬಂತು. ಯಾವ ರಿಪೇರಿ ಯಾರದು ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗಳ ಪೇಂಟ್, ಪೈಪ್ ಬದಲಿಸುವುದು, ವಯರಿಂಗ್, ಇವೆಲ್ಲ ಓನರ್‌ದು. ನಲ್ಲಿ, ಸ್ವಿಚ್ಚು, ಗೀಸರ್ ರಿಪೇರಿ, ಸೊಳ್ಳೆ ಬಲೆ, ಇವು ಬಾಡಿಗೆದಾರರದ್ದು.

ಗೀಸರ್ ಬಾಡಿಗೆದಾರರದ್ದು ಅಂತ ಓದಿದಾಗ ನನಗೆ ಇಷ್ಟ ಆಗಲಿಲ್ಲ. ಆ ಗೀಸರ್ ನಾವು ಬರುವುದಕ್ಕೆ ಎಷ್ಟೋ ವರ್ಷ ಮೊದಲಿನದು. ಆದರೆ ಪೇಂಟಿಂಗ್‌ಗೆ ಆ ಪಟ್ಟಿಯನ್ನು ತೋರಿಸಿ, ಗೀಸರ್‌ಗೆ ಮುಚ್ಚಿಡುವುದು ಸರಿಯಲ್ಲ. ಅಳತೆಗೋಲು ಒಂದೇ ಇರಬೇಕು. ಹಾಗಾಗಿ ಗೀಸರ್ ರಿಪೇರಿ ನಮ್ಮದು ಅಂತ ಒಪ್ಪಿದೆ. ಬಿಲ್ ಕಳುಹಿಸಿ ಎಂದೆ. ಸೊಳ್ಳೆ ಬಲೆ ಹರಿದದ್ದು ನಮ್ಮ ಕಾಲದಲ್ಲೇ, ಅದೂ ನಮ್ಮದು. ಬೆಡ್‌ರೂಮಿನ ಮೂಡಣ ಗೋಡೆಯಲ್ಲಿ ಮಗ ಕ್ರೇಯಾನ್‌ನಿಂದ ಬಸ್ಸು, ಬಂದರು, ದೋಣಿ ಎಲ್ಲ ಬರೆದಿದ್ದ. ಒರೆಸಿದರೆ ಹೋಗಲಿಲ್ಲ. ಮಾಷ್ಟ್ರು ಅದನ್ನು ಪ್ರತ್ಯೇಕವಾಗಿ ಹೇಳಿರಲೇ ಇಲ್ಲ. ನಾನೇ ಹೇಳಿದೆ. ಪರಿಚಯದ ಪೇಂಟರ್ ಒಬ್ಬರನ್ನು ಕೇಳಿದಾಗ ಆ ಒಂದು ಗೋಡೆಗೆ ಪುಟ್ಟಿ ಹಾಕಿ ಪೇಂಟ್ ಹೊಡೆಯಲು 3,000 ಆಗುತ್ತದೆ ಎಂದರು. ಅದನ್ನು ನಮ್ಮ ಲೆಕ್ಕಕ್ಕೆ ಸೇರಿಸಿದೆ.

ಕ್ಲೀನಿಂಗ್ 4,500 ಮಾತ್ರ ಒಪ್ಪಲೇ ಇಲ್ಲ. ನಾನೇ ಮಂಡಿಯೂರಿ ತಿಕ್ಕಿದ ನೆಲ ಅದು.

ಇಷ್ಟನ್ನೂ ಒಂದು ಕಾಗದದಲ್ಲಿ ಬರೆದೆ. ವಾಟ್ಸಾಪ್‌ನಲ್ಲಿ ವಾದ ಮಾಡುವುದು ಬೇಡ ಅನಿಸಿತು. ಅಲ್ಲಿ ಮಾತು ಬೇಗ ಬಿಸಿಯಾಗುತ್ತದೆ, ಅರ್ಧ ಓದಿ ಉತ್ತರ ಕೊಡುತ್ತೇವೆ. ಕಾಗದ ಕನ್ನಡದಲ್ಲೇ ಇತ್ತು. ಕಾನೂನಿನ ಬೆದರಿಕೆ ಇರಲಿಲ್ಲ. ಯಾವ ಮೊತ್ತ ನಾವು ಒಪ್ಪುತ್ತೇವೆ, ಯಾವುದನ್ನು ಯಾಕೆ ಒಪ್ಪುವುದಿಲ್ಲ, ಯಾವುದಕ್ಕೆ ಬಿಲ್ ಬೇಕು, ಅಷ್ಟೇ. ನಾವು ಮನೆಗೆ ಬಂದ ದಿನ ತೆಗೆದ ಫೋಟೋಗಳು, ಪಡುವಣ ಗೋಡೆಯ ಬಗ್ಗೆ ಅವರಿಗೆ ಹಿಂದೆ ಕಳುಹಿಸಿದ ಮೆಸೇಜ್‌ಗಳು, ಬಿಡುವ ದಿನದ ವಿಡಿಯೋದಿಂದ ತೆಗೆದ ಚಿತ್ರಗಳು, ಇವುಗಳ ಪ್ರಿಂಟ್ ಜೊತೆಗೆ ಇಟ್ಟೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಂಡೆ. ರಸೀದಿ ಮುಖ್ಯ. ನಾಳೆ ಮಾತು ಮುಂದಕ್ಕೆ ಹೋದರೆ, ಇಂಥ ದಿನ ಲಿಖಿತವಾಗಿ ಕೇಳಿದ್ದೆ ಅಂತ ತೋರಿಸಲು ಅದೊಂದೇ ಆಧಾರ.

ಮುಂದಕ್ಕೆ ಹೋದರೆ ಎಲ್ಲಿಗೆ ಅಂತಲೂ ವಿಚಾರಿಸಿಕೊಂಡಿದ್ದೆ. ಇದು ಪೊಲೀಸರ ವಿಷಯ ಅಲ್ಲ, ಸಿವಿಲ್ ವಿಷಯ. ಬರಬೇಕಾದ ದುಡ್ಡಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಸಮಯ ಇರುತ್ತದೆ. ಆದರೆ 30,000ಕ್ಕೆ ಕೋರ್ಟು, ವಕೀಲರು ಅಂತ ಯಾರು ಅಲೆಯುತ್ತಾರೆ? ಅದಕ್ಕಿಂತ ಹತ್ತಿರದ ದಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಪ್ರತಿ ಜಿಲ್ಲೆಯಲ್ಲೂ ಇದೆ, ದಕ್ಷಿಣ ಕನ್ನಡಕ್ಕೆ ಮಂಗಳೂರಿನಲ್ಲಿ, ಉಡುಪಿಗೆ ಉಡುಪಿಯಲ್ಲಿ. ಕೇಸು ಹಾಕುವುದಕ್ಕೆ ಮೊದಲೇ ಒಂದು ಅರ್ಜಿ ಕೊಟ್ಟರೆ ಇನ್ನೊಂದು ಕಡೆಯವರನ್ನು ಕರೆಸಿ ಕೂರಿಸಿ ಮಾತಾಡಿಸುತ್ತಾರೆ. ಒಪ್ಪಂದ ಆದರೆ ಲೋಕ ಅದಾಲತ್‌ನಲ್ಲಿ ದಾಖಲಾಗುತ್ತದೆ. ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ತೀರ್ಪಿನಷ್ಟೇ, ಬಲ, ಅದರ ಮೇಲೆ ಅಪೀಲು ಇಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಇದು ಎಷ್ಟೋ ಹೆಂಗಸರಿಗೆ ಗೊತ್ತೇ ಇಲ್ಲ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ಆಯಿತು. ನನಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ. ಆದರೆ ಹೋಗಲು ಒಂದು ಜಾಗ ಇದೆ ಅಂತ ಗೊತ್ತಿದ್ದದ್ದರಿಂದಲೇ ಮಾತಾಡುವಾಗ ನನ್ನ ದನಿ ನಡುಗಲಿಲ್ಲ.

ನಮ್ಮದಾದರೂ ಮುಖ ನೋಡಿ ಮಾತಾಡಬಹುದಾದ ಓನರ್. ಮಣಿಪಾಲದಲ್ಲಿ ಓದಲು ಬರುವ ಹುಡುಗ ಹುಡುಗಿಯರ ಕಷ್ಟ ಬೇರೆಯೇ. ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಅಲ್ಲೇ ಓದಿದವಳು. ಮೂವರು ಸೇರಿ ಡೆಪಾಸಿಟ್ ಕೊಟ್ಟಿದ್ದರಂತೆ. ಕೋರ್ಸ್ ಮುಗಿದು ಒಬ್ಬಳು ಅಸ್ಸಾಮಿಗೆ, ಒಬ್ಬಳು ಕೇರಳಕ್ಕೆ ಹೋದರು. ಓನರ್ ಅರ್ಧಕ್ಕಿಂತ ಹೆಚ್ಚು ಕಳೆದರು. ರೈಲು ಹತ್ತಿ ಹೋದ ಮಕ್ಕಳು ಕೆಲವು ಸಾವಿರಕ್ಕಾಗಿ ವಾಪಸ್ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಇದನ್ನು ಕೇಳಿ ನನಗೆ ನಿಜವಾಗಿ ಬೇಸರವಾಯಿತು. ನಮ್ಮ ಊರಿನ ಬಗ್ಗೆ ಆ ಹುಡುಗಿಯರು ಏನು ನೆನಪು ತೆಗೆದುಕೊಂಡು ಹೋದರು? ಹೀಗಾಗಿಯೇ ಕೆಲವರು ಕೊನೆಯ ಎರಡು ತಿಂಗಳ ಬಾಡಿಗೆ ಕೊಡದೆ, "ಡೆಪಾಸಿಟ್‌ನಲ್ಲಿ ಹಿಡ್ಕೊಳ್ಳಿ" ಎಂದುಬಿಡುತ್ತಾರೆ. ಅಗ್ರಿಮೆಂಟ್ ಪ್ರಕಾರ ತಪ್ಪೇ ಇರಬಹುದು. ಆದರೆ ಅವರು ಯಾಕೆ ಹಾಗೆ ಮಾಡುತ್ತಾರೆ ಅಂತ ಓನರ್‌ಗಳೂ ಒಮ್ಮೆ ಯೋಚಿಸಬೇಕು.

ಇನ್ನೊಂದು ಬಗೆ, ಓನರ್ ದುಬೈಯಲ್ಲೋ ಮುಂಬೈಯಲ್ಲೋ ಇರುವ ಫ್ಲ್ಯಾಟುಗಳು. ಉಡುಪಿ, ಮಂಗಳೂರು ಎರಡರಲ್ಲೂ ಇವು ಬಹಳ. ಕೀ ಇರುವುದು ಅವರ ಅಕ್ಕನ ಮಗನ ಹತ್ತಿರ, ಇಲ್ಲವೇ ಬ್ರೋಕರ್ ಹತ್ತಿರ. "ನಾನು ಓನರ್‌ಗೆ ಹೇಳಿದ್ದೇನೆ" ಎಂದು ಇವರು, "ಅವನತ್ರ ಕೇಳಿ" ಎಂದು ಅವರು. ಅಲ್ಲಿ ಡೆಪಾಸಿಟ್ ಯಾರ ಖಾತೆಗೆ ಹೋಯಿತು ಅನ್ನುವುದು ಮೊದಲ ಪ್ರಶ್ನೆ. ಅಗ್ರಿಮೆಂಟ್‌ನಲ್ಲಿ ಹೆಸರಿರುವವರ ಖಾತೆಗೇ ಹಾಕಬೇಕು. ನಗದು ಕೊಡಲೇಬಾರದು.

ಕಾಗದ ತಲುಪಿದ ಮೇಲೆ ಮಾಷ್ಟ್ರು ಫೋನ್ ಮಾಡಿದರು. ದನಿಯಲ್ಲಿ ನೋವಿತ್ತು. "ನೀವು ಹೀಗೆ ಲೆಕ್ಕ ಕೇಳ್ತೀರಿ ಅಂತ ನಾನು ಗ್ರಹಿಸಿರಲಿಲ್ಲ ಅಮ್ಮ." ನಾನು, "ಮಾಷ್ಟ್ರೇ, ಫೋನಿನಲ್ಲಿ ಬೇಡ, ಭಾನುವಾರ ಮನೆಗೇ ಬರ್ತೇವೆ" ಎಂದೆ.

ಹೋದೆವು. ಚಾ, ಬಿಸ್ಕತ್ತು ಬಂತು. ಮೇಲಿನ ಮನೆಗೆ ಆಗಲೇ ಪೇಂಟ್ ಆಗಿತ್ತು. ಮಾಷ್ಟ್ರು ಪೇಂಟರ್ ಕೊಟ್ಟ ಚೀಟಿ ತೆಗೆದರು. ಓದಿ ನೋಡಿದರೆ 22,000ದಲ್ಲಿ ಸಜ್ಜಾದ ಬಿರುಕಿಗೆ ಸಿಮೆಂಟ್, ಹೊರಗೋಡೆಗೆ ನೀರು ತಡೆಯುವ ಕೋಟಿಂಗ್, ಎಲ್ಲವೂ ಸೇರಿತ್ತು. ನಾನು ಆ ಸಾಲನ್ನು ಬೆರಳಿಟ್ಟು ತೋರಿಸಿದೆ. "ಮಾಷ್ಟ್ರೇ, ಹೊರಗಿನ ಗೋಡೆಯನ್ನು ನಾವು ಎಂತ ಮಾಡ್ಲಿಕ್ಕುಂಟು?" ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಓದಿದರು. ಅವರು ಹೇಳಿದ್ದು ಇದು: "ಹಿಂದೆ ಇದ್ದವರಿಂದಲೂ ಹೀಗೇ ತೆಗೆದುಕೊಂಡದ್ದು. ಅವರು ಎಂತ ಹೇಳಲಿಲ್ಲ. ಎಲ್ಲರೂ ತೆಗೆದುಕೊಳ್ತಾರಲ್ಲ."

ಈ ಮಾತನ್ನು ನಾನು ತುಂಬ ಸಲ ಮೆಲುಕು ಹಾಕಿದ್ದೇನೆ. ಅವರು ಸುಳ್ಳು ಹೇಳಿರಲಿಲ್ಲ. ಮೋಸ ಮಾಡಬೇಕು ಅಂತಲೂ ಇರಲಿಲ್ಲ. ಯಾರೂ ಕೇಳದೆ ಇದ್ದದ್ದರಿಂದ ಅದೇ ಪದ್ಧತಿಯಾಗಿತ್ತು. ಅವರ ಕಷ್ಟವೂ ಇತ್ತು. ಪೆನ್ಶನ್ ಮೇಲೆ ಬದುಕು, ತಾರಸಿಗೆ ಶೀಟ್ ಹಾಕಿಸಲು ಲಕ್ಷಗಟ್ಟಲೆ ಬೇಕು, ಡೆಪಾಸಿಟ್ ಯಾವತ್ತೋ ಯಾವುದೋ ಖರ್ಚಿಗೆ ಹೋಗಿತ್ತು. ಹೊಸ ಬಾಡಿಗೆದಾರರ ಡೆಪಾಸಿಟ್ ಬಂದ ಮೇಲೆಯೇ ನಮಗೆ ಕೊಡಲು ಆದದ್ದು. ಇದನ್ನೆಲ್ಲ ಅವರೇ ಹೇಳಿದರು. ಕೇಳಿ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಆದರೆ ಮನೆಯ ಮೇಲಿನ ಖರ್ಚು ಮನೆಯ ಯಜಮಾನರದ್ದೇ. ಸಜ್ಜಾ ಸರಿಯಾದರೆ ಮನೆಯ ಬೆಲೆ ಉಳಿಯುತ್ತದೆ, ಆ ಬೆಲೆ ಅವರದು. ಬಾಡಿಗೆ ಏರುವಾಗ ಅದು ಅವರ ಮನೆ, ಗೋಡೆ ಸೋರುವಾಗ ಅದು ನಮ್ಮ ಮನೆ ಆಗಲು ಸಾಧ್ಯವಿಲ್ಲ.

ಕೊನೆಗೆ ಒಂದೊಂದಾಗಿ ಕೂತು ಲೆಕ್ಕ ಮಾಡಿದೆವು. ಗೀಸರ್ ಕಾಯಿಲ್ ಬದಲಿಸಿದ ಬಿಲ್ 1,150 ಇತ್ತು, 2,800 ಅಲ್ಲ. ನೀರಿನ ಬಿಲ್‌ನಲ್ಲಿ ನಮ್ಮ ಪಾಲು 460. ಸೊಳ್ಳೆ ಬಲೆ 1,500. ಕ್ರೇಯಾನ್ ಗೋಡೆ 3,000. ಇಷ್ಟು, ಒಟ್ಟು 6,110, ನಮ್ಮದು. ಪೇಂಟಿಂಗ್‌ನ ಉಳಿದ ದುಡ್ಡನ್ನು, ಕ್ಲೀನಿಂಗ್‌ನದ್ದನ್ನು ಬಿಟ್ಟುಕೊಡಲು ಮಾಷ್ಟ್ರು ಒಪ್ಪಿದರು. ಕಪಾಟಿನ ಬಾಗಿಲಿನ 6,000ಕ್ಕೆ ಮಾತ್ರ ಒಪ್ಪಲಿಲ್ಲ. ಆ ಕಪಾಟಿನ ಹಿಂದೆಯೇ ಬಾತ್‌ರೂಮಿನ ಗೋಡೆ. ತೇವ ಎಳೆದು ಪ್ಲೈವುಡ್ ಉಬ್ಬಿದೆ ಅಂತ ನಾನು. ಮಗ ಬಾಗಿಲಿಗೆ ಜೋತಾಡಿ ತಿರುಗಣಿ ಸಡಿಲ ಆಗಿದೆ ಅಂತ ಅವರು. ಜೋತಾಡಿದ್ದು ಅವರ ಹೆಂಡತಿ ನೋಡಿದ್ದಾರಂತೆ. ನಾನು ನೋಡಿಲ್ಲ. ಅಲ್ಲಿಗೆ ನಿಲ್ಲಿಸಿದೆ. ಮುಂದಿನ ತಿಂಗಳು ಎರಡು ಕಂತಿನಲ್ಲಿ 25,890 ಖಾತೆಗೆ ಬಂತು. ಕಪಾಟಿನ ವಿಷಯದಲ್ಲಿ ಇವತ್ತಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಪ್ಲೈವುಡ್ ಉಬ್ಬಿದ್ದು ತೇವಕ್ಕೇ.

ಉಡುಪಿಯ ಕುಂಜಿಬೆಟ್ಟಿನಲ್ಲಿ ಈಗಿರುವ ಮನೆಗೆ ಅಗ್ರಿಮೆಂಟ್ ಮಾಡುವಾಗ, ಟೈಪ್ ಆಗಿ ಬಂದ ಪ್ರತಿಯಲ್ಲಿ ಅದೇ ವಾಕ್ಯ ಇತ್ತು: ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ. ಓನರ್ ಇಲ್ಲಿ ಒಬ್ಬರು ಅಕ್ಕ, ಬ್ಯಾಂಕಿನಲ್ಲಿ ಕೆಲಸ. "ಅಕ್ಕ, ಇದನ್ನು ಸ್ವಲ್ಪ ಬದಲಿಸುವನಾ?" ಎಂದು ಕೇಳಿದೆ. ಎರಡು ವರ್ಷದ ಒಳಗೆ ಬಿಟ್ಟರೆ ಅರ್ಧ ತಿಂಗಳ ಬಾಡಿಗೆ, ಅದಕ್ಕಿಂತ ಜಾಸ್ತಿ ಇದ್ದರೆ ಪೇಂಟಿಂಗ್‌ಗೆ ಏನೂ ಇಲ್ಲ ಅಂತ ಮಾತಾಯಿತು. ಮಳೆ ನೀರು ಇಳಿದು ಆದ ಹಾನಿ ಓನರ್‌ದು, ಆದರೆ ಸೋರಿದ್ದು ಕಂಡ ಕೂಡಲೇ ನಾವು ಲಿಖಿತವಾಗಿ ತಿಳಿಸಬೇಕು ಅಂತ ಇನ್ನೊಂದು ಸಾಲು ಸೇರಿತು. ಆ ಎರಡನೇ ಭಾಗ ಅಕ್ಕ ಸೇರಿಸಿದ್ದು, ಅದು ನ್ಯಾಯವೇ. ಕೀ ಕೊಟ್ಟು 15 ದಿನದೊಳಗೆ ಬಿಲ್ ಸಮೇತ ಲೆಕ್ಕ ಕೊಟ್ಟು ಉಳಿದ ಡೆಪಾಸಿಟ್ ವಾಪಸ್ ಮಾಡಬೇಕು ಅಂತಲೂ ಬರೆಸಿದೆವು. ಪ್ರತಿ ಕೋಣೆಯ ಫೋಟೋ ಪ್ರಿಂಟ್ ತೆಗೆದು, ಹಿಂದೆ ತಾರೀಕು ಬರೆದು, ಇಬ್ಬರೂ ಸಹಿ ಹಾಕಿದೆವು. ಪಡುವಣ ಗೋಡೆಯದ್ದು ಹತ್ತಿರದಿಂದ ಒಂದು, ದೂರದಿಂದ ಒಂದು.